‘ಒಬ್ಬಂಟಿ’ ಎಂದು ಬರೆಯುವ ಮುನ್ನ

ಒಬ್ಬರೇ ಇರುವವರನ್ನು ಕುರಿತು ಬರೆಯುವಾಗ ‘ಒಂಟಿ’, ‘ಒಬ್ಬಂಟಿ’, ‘ಏಕಾಂಗಿ’ ಎಂಬ ಪದಗಳನ್ನು ಒಂದರ ಬದಲಿಗೆ ಇನ್ನೊಂದೆಂಬಂತೆ ನಾನೂ ಬಳಸುತ್ತಿದ್ದೆ. ಧಾರವಾಡದ ಮಾಳಮಡ್ಡಿಯಲ್ಲಿರುವ ಸೋದರತ್ತೆಯ ಎಂಬತ್ತನೆಯ ಹುಟ್ಟುಹಬ್ಬಕ್ಕೆಂದು ನಾಲ್ಕು ಸಾಲು ಬರೆದು, ‘ಹತ್ತು ವರ್ಷಗಳಿಂದ ಒಬ್ಬಂಟಿಯಾಗಿ ಬದುಕುತ್ತಿದ್ದಾರೆ’ ಎಂದು ಓದಿ ತೋರಿಸಿದಾಗ, ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಅವರು ಸೌಟು ಹಿಡಿದೇ ತಿರುಗಿ, “ಅಲ್ಲೋ, ನಾ ಯಾಕ ಒಬ್ಬಂಟಿ ಆಗ್ಲಿ? ಒಬ್ಬಾಕಿನ ಇರ್ತೀನಿ, ಅಷ್ಟ” ಎಂದರು.

‘ಒಂಟಿ’ ಎಂದರೆ ಜೋಡಿಯಿಲ್ಲದ್ದು. ಒಂಟಿ ಸೀನು, ಒಂಟಿ ಸಲಗ, ಒಂಟಿ ಮನೆ ಎಂದು ಎಲ್ಲಕ್ಕೂ ಇದು ಹೊಂದುತ್ತದೆ. ಆದರೆ ಜೋಡೆತ್ತು ಕಟ್ಟಿ ಕೂರಿಗೆ ಹೊಡೆಯುವ ಸೀಮೆಯಲ್ಲಿ ಒಂಟಿ ಎತ್ತು ಎಂದೊಡನೆ ಇಲ್ಲದ ಇನ್ನೊಂದು ಎತ್ತೇ ಕಣ್ಣಿಗೆ ಕಟ್ಟುವುದರಿಂದ, ಮನುಷ್ಯರಿಗೆ ಈ ಪದ ಹಚ್ಚುವಾಗಲೂ ಆ ಕೊರತೆ ಜೊತೆಗೇ ಬರುತ್ತದೆ. ‘ಒಬ್ಬಂಟಿ’ ಮನುಷ್ಯರಿಗೆ ಮಾತ್ರ. ‘ಒಬ್ಬಂಟಿ ಎತ್ತು’ ಎಂದು ಯಾರೂ ಹೇಳುವುದಿಲ್ಲ, ಏಕೆಂದರೆ ‘ಒಬ್ಬ’ ಎಂಬುದೇ ಮನುಷ್ಯರನ್ನು ಎಣಿಸುವ ಮಾತು. ಅದರೊಳಗೆ ಆಸರೆಯಿಲ್ಲ ಎಂಬ ಮರುಕವೂ ಇದೆ. ವಾಕ್ಯದ ಮುಂದೆ ‘ಪಾಪ’ ಎಂದು ಸೇರಿಸಿ ಓದಿ ನೋಡಿ. ಒಪ್ಪಿದರೆ ‘ಒಬ್ಬಂಟಿ’ ಇರಲಿ, ಒಪ್ಪದಿದ್ದರೆ ‘ಒಬ್ಬರೇ’ ಸಾಕು. ಅತ್ತೆಯವರ ಸಾಲನ್ನು ಹಾಗೆಯೇ ತಿದ್ದಿದೆ.

‘ಏಕಾಂಗಿ’ ಸಂಸ್ಕೃತದಿಂದ ಬಂದದ್ದು. ಕೆಲಸದೊಡನೆ ಬಂದಾಗ ಇದಕ್ಕೆ ಕಳೆ ಹೆಚ್ಚು. ‘ಏಕಾಂಗಿಯಾಗಿ ಬಾವಿ ತೋಡಿದ’ ಎಂಬಲ್ಲಿ ಮೆಚ್ಚುಗೆಯಿದೆ, ‘ಒಬ್ಬಂಟಿಯಾಗಿ ತೋಡಿದ’ ಎಂದರೆ ಅವನಿಗೆ ಯಾರೂ ಕೈಜೋಡಿಸಲಿಲ್ಲವಲ್ಲ ಎಂಬ ಅಳಲು.

ತಾನಾಗಿ ಆರಿಸಿಕೊಂಡ ಏಕಾಂತಕ್ಕೆ ಈ ಮೂರೂ ಒಗ್ಗುವುದಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಬರುವ ಶಿವಭಕ್ತ ಏಕಾಂತದ ರಾಮಯ್ಯನನ್ನು ‘ಒಂಟಿ ರಾಮಯ್ಯ’ ಎಂದು ಕರೆದು ನೋಡಿ: ಭಕ್ತ ಹೋಗಿ, ಮದುವೆಯಾಗದೆ ಉಳಿದ ಓಣಿಯ ಹಿರಿಯನೊಬ್ಬ ಎದುರಿಗೆ ಬಂದು ನಿಲ್ಲುತ್ತಾನೆ. ಧಾರವಾಡದ ಸಾಧನಕೇರಿ ಕೆರೆಯ ದಂಡೆಯಲ್ಲಿ ಸಂಜೆ ತಾವಾಗಿಯೇ ಒಬ್ಬರೇ ಕುಳಿತವರನ್ನು ‘ಏಕಾಂತಪ್ರಿಯರು’ ಎನ್ನಬಹುದು, ಸ್ವಲ್ಪ ಪುಸ್ತಕದ ಮಾತಾದರೂ.

ಇನ್ನು ಲಿಂಗದ ವಿಚಾರ: ‘ಒಬ್ಬಂಟಿಗ’ ಗಂಡಸಿಗೆ ಮಾತ್ರ ಸಲ್ಲುತ್ತದೆ, ‘ಒಬ್ಬಂಟಿ’, ‘ಏಕಾಂಗಿ’ ಇಬ್ಬರಿಗೂ ಸಲ್ಲುತ್ತವೆ, ಬಹುವಚನದ ‘ಒಬ್ಬಂಟಿಗರು’ ಕೂಡ.