ಸಂಗಾತಿಯನ್ನು ಕಳೆದುಕೊಂಡವರ ಜೊತೆ ನಿಲ್ಲುವುದು ಹೇಗೆ

ಗದಗ-ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಸಾವಾದ ಮನೆಗೆ ಹೋಗಿಬರುವ ಹೆಂಗಸರ ಗುಂಪೊಂದಿದೆ. ನಮ್ಮ ಯಜಮಾನರು ತೀರಿಕೊಂಡ ಕೆಲವು ವರ್ಷಗಳ ಮೇಲೆ ನಾನೂ ಅದರಲ್ಲಿ ಸೇರಿಕೊಂಡೆ. ಶವಸಂಸ್ಕಾರದ ದಿನ ಏನು ಮಾಡಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪೆಂಡಾಲು, ಚಹಾ, ಪೆಟ್ಟಿಗೆ, ಹಾಡು, ಎಲ್ಲಕ್ಕೂ ಜನ ಮುಂದೆ ಬರುತ್ತಾರೆ. ನಾನು ಬರೆಯುತ್ತಿರುವುದು ನಂಟರು ತಮ್ಮ ತಮ್ಮ ಊರಿಗೆ ಮರಳಿ, ಬಾಡಿಗೆ ಕುರ್ಚಿಗಳನ್ನು ಗಾಡಿಗೆ ಹೇರಿದ ಮೇಲಿನ ದಿನಗಳ ಬಗ್ಗೆ.

ಕಷ್ಟದ ಹೊತ್ತು ಯಾವುದೆಂದು ಕೇಳಿ

"ಏನಾದರೂ ಬೇಕಿದ್ದರೆ ಹೇಳಿ" ಎನ್ನಬೇಡಿ. ಹಾಗೆ ಹೇಳಿಸಿಕೊಂಡವರು ಯಾರೂ ಫೋನ್ ಮಾಡುವುದಿಲ್ಲ. ಅದರ ಬದಲು, ಒಬ್ಬರೇ ಇರುವಾಗ ಮೆಲ್ಲಗೆ ಕೇಳಿ: "ಅಕ್ಕಾ, ದಿನದಲ್ಲಿ ಯಾವ ಹೊತ್ತು ಬಹಳ ಕಷ್ಟವಾಗುತ್ತದೆ?" ಈ ಪ್ರಶ್ನೆಗೆ ಉತ್ತರ ಇಲ್ಲದವರನ್ನು ನಾನು ಕಂಡಿಲ್ಲ. ಒಬ್ಬರಿಗೆ ಸಂಜೆ ನಲ್ಲಿ ನೀರು ಬರುವ ಹೊತ್ತು, ಏಕೆಂದರೆ ಕೊಡ ಎತ್ತಿಕೊಡುತ್ತಿದ್ದವರು ಗಂಡ. ಇನ್ನೊಬ್ಬರಿಗೆ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆ. ಗಂಡ ಸತ್ಯವೇದದ (ಬೈಬಲಿನ) ವಾಕ್ಯ ಓದುತ್ತಿದ್ದರು, ಇವರು ಪ್ರಾರ್ಥಿಸುತ್ತಿದ್ದರು, ಈಗ ಓದುವ ದನಿ ಇಲ್ಲ.

ಉತ್ತರ ಸಿಕ್ಕ ಮೇಲೆ ಆ ಹೊತ್ತನ್ನು ನೀವು ಹಿಡಿದುಕೊಳ್ಳಿ. ದಿನವೂ ಹೋಗಬೇಕೆಂದಲ್ಲ. ರಾತ್ರಿ ಎಂಟೂವರೆಗೆ ಫೋನ್ ಮಾಡಿ ಒಂದು ಕೀರ್ತನೆ ಓದಿ ಇಟ್ಟುಬಿಟ್ಟರೆ ಸಾಕು. ಸಭೆಯಲ್ಲಿ ನಾಲ್ಕೈದು ಮಂದಿ ವಾರ ಹಂಚಿಕೊಂಡರೆ ಯಾರಿಗೂ ಭಾರವಾಗುವುದಿಲ್ಲ. ಹೊತ್ತು ತಪ್ಪಿಸಬಾರದು, ಅಷ್ಟೇ. ಕಾದವರಿಗೆ ಫೋನ್ ಬಾರದಿದ್ದರೆ ಆ ರಾತ್ರಿ ಇನ್ನೂ ಉದ್ದವಾಗುತ್ತದೆ.

ಭಾನುವಾರದ ಕಷ್ಟದ ಹೊತ್ತು ಬೇರೆಯೇ. ನಮ್ಮ ಕಡೆಯ ಹಳೆಯ ಸಭೆಗಳಲ್ಲಿ ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ಕುಳಿತುಕೊಳ್ಳುವುದು ರೂಢಿ. ಆದ್ದರಿಂದ ಆರಾಧನೆ ನಡೆಯುವಾಗ ಪಕ್ಕದ ಜಾಗ ಖಾಲಿ ಎನಿಸುವುದಿಲ್ಲ. ಎದೆ ಕುಸಿಯುವುದು ಆಶೀರ್ವಾದವಾದ ಮೇಲೆ, ಗೇಟಿನ ಬಳಿ. ಗಂಡ ಸ್ಕೂಟರ್ ತಿರುಗಿಸಿ ನಿಲ್ಲಿಸಿಕೊಂಡು, ಇವರ ಮಾತು ಮುಗಿಯಲೆಂದು ಕಾಯುತ್ತಿದ್ದ ಜಾಗ ಅದು. ನಮ್ಮ ಗುಂಪಿನವರೊಬ್ಬರು ಸದ್ದಿಲ್ಲದೆ ಒಂದು ಕ್ರಮ ಮಾಡಿಕೊಂಡಿದ್ದಾರೆ: ಕೊನೆಯ ಹಾಡಿನ ಹೊತ್ತಿಗೆ ವಿಧವೆಯ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಅವರ ಸತ್ಯವೇದದ ಚೀಲವನ್ನು ತಾವೇ ಎತ್ತಿಕೊಳ್ಳುತ್ತಾರೆ, ಗೇಟು ದಾಟಿಸಿ ಮನೆಯ ತಿರುವಿನವರೆಗೆ ಮಾತಾಡುತ್ತಾ ನಡೆಯುತ್ತಾರೆ. ನಾನು ಕಂಡ ಸಾಂತ್ವನಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ.

ವಾಕ್ಯ ಹೇಳುವ ಮುನ್ನ

ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿಕೊಂಡು ಹೋಗಿ. ನೀನು ಇಲ್ಲಿ ಇದ್ದಿದ್ದರೆ ತಮ್ಮ ಲಾಜರ ಸಾಯುತ್ತಿರಲಿಲ್ಲ ಎಂದು ಮಾರ್ಥ ಯೇಸುವಿಗೆ ಹೇಳುತ್ತಾಳೆ. ಆಮೇಲೆ ಅವಳ ತಂಗಿ ಮರಿಯಳೂ ಅದೇ ಮಾತು ಹೇಳುತ್ತಾಳೆ. ಮಾರ್ಥಳಿಗೆ ಯೇಸು ಪುನರುತ್ಥಾನದ ಮಾತು ಹೇಳಿದ. ಮರಿಯಳ ಮುಂದೆ ಅತ್ತ. ಒಂದೇ ಮನೆ, ಒಂದೇ ಸಾವು, ಒಂದೇ ದೂರು. ಆದರೂ ಇಬ್ಬರಿಗೆ ಸಿಕ್ಕದ್ದು ಬೇರೆ ಬೇರೆ. ನಿಮ್ಮೆದುರು ಕುಳಿತವರು ಮಾರ್ಥಳೋ ಮರಿಯಳೋ ಎಂದು ತಿಳಿಯುವ ತನಕ ಬಾಯಿ ತೆರೆಯಬೇಡಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಏಳು ದಿನ ನೆಲದ ಮೇಲೆ ಸುಮ್ಮನೆ ಕುಳಿತಿದ್ದಾಗ ಒಳ್ಳೆಯ ಗೆಳೆಯರೇ ಆಗಿದ್ದರು. ಮಾತು ಶುರುವಾದ ಮೇಲೆ ಕೆಟ್ಟಿತು.

ಮೊದಲ ತಿಂಗಳುಗಳಲ್ಲಿ ಕೆಲವು ಮಾತುಗಳನ್ನು ಬಿಟ್ಟುಬಿಡಿ. "ದೇವರ ಚಿತ್ತ", "ಇದರಲ್ಲೂ ಏನೋ ಒಳ್ಳೆಯದಿದೆ", "ನಂಬಿಕೆಯುಳ್ಳವರು ಹೀಗೆ ಅಳಬಾರದು". ಕೊನೆಯದನ್ನು ಹೇಳುವವರು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯನ್ನು ಆಧಾರವಾಗಿ ಹಿಡಿಯುತ್ತಾರೆ. ಅಲ್ಲಿ ಪೌಲನು ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದನೇ ಹೊರತು ದುಃಖಿಸಲೇಬೇಡಿ ಎನ್ನಲಿಲ್ಲ. ನಮಗೆ ನಿರೀಕ್ಷೆ ಇದೆ, ಅದನ್ನು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ನಿರೀಕ್ಷೆ ಇದ್ದವರ ಕಣ್ಣಲ್ಲೂ ನೀರು ಬರುತ್ತದೆ.

ಓದಲೇಬೇಕಾದರೆ 88ನೆಯ ಕೀರ್ತನೆಯಿಂದ ತೊಡಗಿ. ಸ್ತೋತ್ರದ ಕಡೆಗೆ ತಿರುಗದೆ ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ ಅದು. ದೇವರ ಮೇಲೆ ಸಿಟ್ಟು ಬಂದಿದೆ ಎಂದು ಹೇಳಿಕೊಳ್ಳಲು ನಾಚುವವರಿಗೆ, ಇಂಥ ಪ್ರಾರ್ಥನೆಯೂ ಸತ್ಯವೇದದಲ್ಲಿದೆ ಎಂದು ತಿಳಿದರೆ ಉಸಿರಾಡಲು ಜಾಗ ಸಿಗುತ್ತದೆ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡ ನೊವೊಮಿ ತನ್ನನ್ನು ಮಾರಾ, ಅಂದರೆ ಕಹಿ, ಎಂದು ಕರೆಯಿರಿ ಎಂದು ಊರವರ ಮುಂದೆಯೇ ಹೇಳಿದಳು. ಅದಕ್ಕಾಗಿ ಯಾರೂ ಅವಳನ್ನು ಗದರಿಸಲಿಲ್ಲ.

ತೀರಿಹೋದವರ ಹೆಸರು ಹೇಳಲು ಹಿಂಜರಿಯಬೇಡಿ. ನಿಮಗೆ ಅವರ ಬಗ್ಗೆ ಗೊತ್ತಿರುವ, ಮನೆಯವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದ್ದರೆ ಅದನ್ನು ಹೇಳಿ. ನನ್ನ ಯಜಮಾನರು ಶಾಲೆಯಲ್ಲಿ ಒಬ್ಬ ಹುಡುಗನ ಪರೀಕ್ಷಾ ಶುಲ್ಕ ಕಟ್ಟಿದ್ದರೆಂದು ಆ ಹುಡುಗನ ತಾಯಿ ಬಂದು ಹೇಳಿದಾಗ, ಅವರ ಬದುಕಿನ ಒಂದು ದಿನ ಹೊಸದಾಗಿ ನನಗೆ ಸಿಕ್ಕಿತು.

ಬಳೆ ಮತ್ತು ತಾಳಿ

ನಮ್ಮ ಕ್ರೈಸ್ತ ಮನೆಗಳಲ್ಲೂ ಬಳೆ ತೆಗೆಸಲು, ತಾಳಿ ಬಿಚ್ಚಿಸಲು ಮುಂದೆ ಬರುವ ಹಿರಿಯರಿದ್ದಾರೆ. ಸುವಾರ್ತೆಯಲ್ಲಿ ಇದಕ್ಕೆ ಆಧಾರವಿಲ್ಲ. ಇಟ್ಟುಕೊಳ್ಳುವುದೋ ತೆಗೆಯುವುದೋ, ಎಂದು ತೆಗೆಯುವುದೋ ಆ ಹೆಣ್ಣುಮಗಳೇ ತೀರ್ಮಾನಿಸಲಿ. ಬೇರೆಯವರು ಕೈ ಹಾಕದಂತೆ ನೀವು ಪಕ್ಕದಲ್ಲಿ ನಿಂತಿರಿ. ಬೇಕಾದರೆ ಅಯ್ಯನವರಿಂದ (ಪಾಸ್ಟರರಿಂದ) ಒಂದು ಮಾತು ಹೇಳಿಸಿ. ಮುಂದೆ ಸಭೆಯಲ್ಲಿ ಮದುವೆಯಾದಾಗ ಅವರನ್ನು ಹಿಂದಿನ ಸಾಲಿಗೆ ಬಿಡದೆ ಮದುಮಗಳ ತಲೆಗೆ ಹೂ ಮುಡಿಸಲು ಕರೆಯಿರಿ.

ಕಾಗದಪತ್ರ

ಮೊದಲ ಕ್ರೈಸ್ತರ ಕಾಲದಲ್ಲಿ ಯೆರೂಸಲೇಮಿನ ಸಭೆಯಲ್ಲಿ ಏಳು ಮಂದಿಯನ್ನು ಆರಿಸಿದ್ದು ವಿಧವೆಯರಿಗೆ ದಿನದ ಪಾಲು ಸರಿಯಾಗಿ ಮುಟ್ಟುತ್ತಿರಲಿಲ್ಲ ಎಂಬ ಕಾರಣಕ್ಕೆ. ಹಾಗಾಗಿ ಕಚೇರಿಗೆ ಜೊತೆಗೆ ಹೋಗುವುದನ್ನು ಪ್ರಾರ್ಥನೆಗಿಂತ ಕೀಳು ಎಂದು ತಿಳಿಯಬೇಡಿ.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಪ್ರಮಾಣಪತ್ರದ ಹತ್ತಾರು ಪ್ರತಿ ತೆಗೆದಿಡಿ. ಬ್ಯಾಂಕ್, ವಿಮೆ, ಪಿಂಚಣಿ, ಗಾಡಿಯ ದಾಖಲೆ, ಎಲ್ಲ ಕಡೆಯೂ ಕೇಳುತ್ತಾರೆ. ವಂಶವೃಕ್ಷಕ್ಕೂ, ಆದಾಯ ಕಡಿಮೆಯಿದ್ದರೆ ವಿಧವಾ ವೇತನಕ್ಕೂ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗಂಡ ಉಯಿಲು ಬರೆಯದೆ ತೀರಿಕೊಂಡಿದ್ದರೆ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ: ಮಕ್ಕಳಿದ್ದರೆ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ, ಉಳಿದದ್ದು ಮಕ್ಕಳಿಗೆ. ಹೆಂಡತಿಯ ಆಸ್ತಿಯಲ್ಲಿ ಗಂಡನಿಗೂ ಇದೇ ಹಕ್ಕು. ಅಳುವಿನ ನಡುವೆ ಮೈದುನರು ತಂದ ಕಾಗದಕ್ಕೆ ಸಹಿ ಹಾಕುವವರು ಬಹಳ. ಮೊದಲ ತಿಂಗಳುಗಳಲ್ಲಿ ಯಾವ ಆಸ್ತಿ ಪತ್ರಕ್ಕೂ ವಕೀಲರಿಗೆ ತೋರಿಸದೆ ಸಹಿ ಬೇಡ ಎಂದು ಗಟ್ಟಿಯಾಗಿ ಹೇಳಿ.

ಹೆಂಡತಿಯನ್ನು ಕಳೆದುಕೊಂಡವರು

ಗಂಡಸರ ಬಳಿ ಸಭೆ ಬೇಗ ಮೌನವಾಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ದಿನವೂ ಅಂಗೈಗೆ ಹಾಕುತ್ತಿದ್ದವಳು ಹೋದ ಮೇಲೆ ಮಾತ್ರೆಯೇ ನಿಂತುಹೋದ ಅಣ್ಣಂದಿರಿದ್ದಾರೆ. ಹೋದಾಗ ಮಾತ್ರೆಯ ಪಟ್ಟಿ ನೋಡಿ. ಊಟದ ಡಬ್ಬಿ ಕೊಟ್ಟು ಬಾಗಿಲಿಂದಲೇ ಮರಳಬೇಡಿ. ಪುರುಷರ ಕೂಟದವರೊಬ್ಬರು ಒಳಗೆ ಹೋಗಿ ಅನ್ನ, ಸಾರು ಮಾಡುವುದನ್ನು ಅವರ ಜೊತೆ ನಿಂತು ಕಲಿಸಲಿ. ಕೈ ಕೆಲಸದಲ್ಲಿದ್ದಾಗ ಅವರು ಮಾತಾಡುತ್ತಾರೆ. ವರ್ಷ ಕಳೆಯುವ ಮೊದಲೇ ಎರಡನೆಯ ಮದುವೆಯ ಮಾತು ತರುವವರನ್ನು ತಡೆಯಿರಿ.

ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, "ನಾನೂ ಅವರ ಹಿಂದೆ ಹೋಗುತ್ತೇನೆ" ಎಂಬ ಮಾತು ಬಂದರೆ, ಅದನ್ನು ನಂಬಿಕೆಯ ಕೊರತೆ ಎನ್ನಬೇಡಿ, ಒಬ್ಬರನ್ನೇ ಬಿಡಲೂಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ.

ವರ್ಷದ ತಾರೀಖುಗಳು

ಭಾನುವಾರ ಮದುವೆಯ ವಾರ್ಷಿಕೋತ್ಸವದವರ ಹೆಸರು ಓದಿ ಪ್ರಾರ್ಥಿಸುತ್ತಾರಲ್ಲ, ಒಬ್ಬರು ತೀರಿಕೊಂಡ ಮೇಲೆ ಆ ಪಟ್ಟಿಯಿಂದ ಹೆಸರು ತಾನಾಗಿ ಬಿಟ್ಟುಹೋಗುತ್ತದೆ. ಆ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಅಂದು ಮನೆಗೆ ಹೋಗಿ. ಕ್ರಿಸ್ಮಸ್ಸಿನ ಕ್ಯಾರಲ್ ತಂಡ ಸಾವಾದ ಮನೆಯೆಂದು ದಾಟಿ ಹೋಗುವುದೂ ತಪ್ಪು, ಹೇಳದೆ ಡೋಲಕ್ ಬಾರಿಸುತ್ತಾ ನುಗ್ಗುವುದೂ ತಪ್ಪು. ಹಿಂದಿನ ದಿನ ಕೇಳಿ: ಬರಬೇಕೇ, ಯಾವ ಹಾಡು ಬೇಕು, ಬಾಗಿಲಲ್ಲೇ ನಿಂತು ಮೆಲ್ಲಗೆ ಹಾಡಿ ಹೋಗಲೇ? ಈಸ್ಟರ್ ಬೆಳಗಿನ ಜಾವ ಸಮಾಧಿಗೆ ಹೂ ಇಡಲು ಹೋಗುವವರಿದ್ದರೆ ಜೊತೆಗೆ ಆಟೋ ಹಿಡಿಯಿರಿ.

ಇನ್ನೊಂದು ಮಾತು. ವಿಧವೆಯಾದವರನ್ನು "ನಿಮಗೆ ಅನುಭವವಿದೆ" ಎಂದು ಕೂಡಲೇ ಬೇರೆ ಸಾವಿನ ಮನೆಗೆ ಕರೆದೊಯ್ಯಬೇಡಿ. ಅವರಾಗಿ ಬರುತ್ತೇನೆಂದು ಹೇಳುವವರೆಗೆ ಕಾಯಿರಿ, ಬಂದ ಮೊದಲ ಸಲ ಪ್ರಾರ್ಥನೆ ಮಾಡಲು ಹೇಳದೆ ಪಕ್ಕದಲ್ಲಿ ಕೂರಿಸಿಕೊಳ್ಳಿ.