ಹಳೆಯ ಹೈ-ಫೈ ಸ್ಪೀಕರ್ ಜೋಡಿ: ಕೋನ್ ಕೀಳಿಸುವ ಮುಂಚೆ ರಿಂಗ್ ನೋಡಿ

ತುಮಕೂರಿನಂಥ ಊರಲ್ಲಿ ಸ್ಪೀಕರ್ ಕೆಟ್ಟರೆ ಸಾಮಾನ್ಯವಾಗಿ ದಾರಿ ಒಂದೇ: ಮೈಕ್‌ಸೆಟ್ ರಿಪೇರಿ ಅಂಗಡಿ. ‘ಹೊಸ ಕೋನ್ ಹಾಕಿ ಕಾಯಿಲ್ ಕಟ್ಟಿಬಿಡೋಣ’ ಅನ್ನುತ್ತಾರೆ. ಕೋನ್ ಅಂದರೆ ಆಡುತ್ತಾ ಸದ್ದು ಹೊರಡಿಸುವ ಕಾಗದದ ಅಥವಾ ಪ್ಲಾಸ್ಟಿಕ್ ಬಟ್ಟಲು, ಕಾಯಿಲ್ ಅಂದರೆ ಅದನ್ನು ಆಡಿಸುವ ಹಿಂದಿನ ತಂತಿಸುರುಳಿ. ಜಾತ್ರೆಯ ಸ್ಪೀಕರಿಗೆ ಅದು ಸರಿ. ಮನೆಯ ವೂಫರಿಗೆ, ಅಂದರೆ ಬಾಸ್ ನುಡಿಸುವ ದೊಡ್ಡ ಸ್ಪೀಕರಿಗೆ, ಬೇಡ. ಕೋನಿನ ತೂಕ ಬದಲಾದರೆ ಬಾಕ್ಸಿನ ಅಳತೆಗೂ, ತಗ್ಗು-ಎತ್ತರದ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರಿಗೂ ತಾಳೆ ತಪ್ಪಿ ಬಾಸ್ ಕೆಡುತ್ತದೆ. 1970-80ರ ದಶಕದ ಸ್ಪೀಕರುಗಳಲ್ಲಿ ಬಹಳ ಸಲ ಹಾಳಾಗಿರುವುದು ಎರಡೇ: ಕೋನಿನ ಸುತ್ತಲ ಫೋಮ್ ರಿಂಗ್ ಮತ್ತು ಕ್ರಾಸ್‌ಓವರಿನ ಕೆಪ್ಯಾಸಿಟರ್.

ಕಾಯಿಲ್ ಜೀವಂತ ಇದೆಯೇ ಮೊದಲು ನೋಡಿ. ವೂಫರಿನ ಒಂದು ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಎಂದು ಬರೆದಿದ್ದರೆ 5.5ರಿಂದ 7 ಓಮ್ ತೋರಿಸುವುದು ಸಹಜ, 4 ಓಮಿನದು ಸುಮಾರು 3ರಿಂದ 3.5. ಮೀಟರ್ ಏನನ್ನೂ ತೋರಿಸದಿದ್ದರೆ ಮಾತ್ರ ವೈಂಡಿಂಗ್ ಮಾತು. ಅದೂ ಮೊದಲು ಟರ್ಮಿನಲ್ಲಿಂದ ಕೋನಿಗೆ ಹೋಗುವ ಹೆಣೆದ ತಂತಿ ತುಂಡಾಗಿಲ್ಲವೇ ನೋಡಿಕೊಂಡ ಮೇಲೆ.

ಕೊಳೆತ ಫೋಮ್ ಮುಟ್ಟಿದರೆ ಹುರಿಹಿಟ್ಟಿನ ಹಾಗೆ ಉದುರುತ್ತದೆ, ಇಲ್ಲವೇ ಬೆರಳಿಗೆ ಪಾಕದ ಹಾಗೆ ಮೆತ್ತುತ್ತದೆ. ರಬ್ಬರ್ ಅಥವಾ ಬಟ್ಟೆಯ ರಿಂಗ್ ಇದ್ದು ಬಿರುಕಿಲ್ಲದಿದ್ದರೆ ಅದರ ತಂಟೆಗೆ ಹೋಗಬೇಡಿ. ಹೊಸ ರಿಂಗ್ ತರಿಸುವಾಗ ‘8 ಇಂಚು’ ಅಂದರೆ ಸಾಲದು. ಕೋನಿನ ಅಂಚಿನ ವ್ಯಾಸ, ರಿಂಗಿನ ಉಬ್ಬಿನ ಒಳವ್ಯಾಸ-ಹೊರವ್ಯಾಸ, ಫ್ರೇಮಿನ ಒಳವ್ಯಾಸ, ಈ ನಾಲ್ಕನ್ನೂ ಮಿಲಿಮೀಟರಿನಲ್ಲಿ ಅಳೆದು ಬರೆದುಕೊಳ್ಳಿ. ಹಳೆಯ ಫೋಮ್ ಕೋನಿನ ಮುಂದೆ ಅಂಟಿತ್ತೋ ಹಿಂದೆಯೋ, ಅದನ್ನೂ. ಒಂದೇ ಹರಿದಿದ್ದರೂ ಎರಡಕ್ಕೂ ಹಾಕಿ, ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿರುತ್ತದೆ.

ಹಳೆಯ ಅಂಟನ್ನು ಐಸ್‌ಕ್ರೀಮ್ ಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಕಾಗದದ ಕೋನ್ ನೆನೆಯಬಾರದು. ತಿನ್ನರ್ ಮಾತ್ರ ಹತ್ತಿರ ತರಬೇಡಿ, ಫೋಮನ್ನೂ ಪ್ಲಾಸ್ಟಿಕ್ ಕೋನನ್ನೂ ಹಾಳುಮಾಡಬಹುದು. ಕಾಗದದ ಕೋನಿಗೆ ಒಣಗಿದ ಮೇಲೂ ಬಾಗುವ ಬಿಳಿ ಪಿವಿಎ ಅಂಟು ಸಾಕು. ಕ್ಷಣದಲ್ಲಿ ಹಿಡಿಯುವ ಅಂಟು ಗಾಜಿನಂತೆ ಗಟ್ಟಿಯಾಗಿ ಬಿರಿಯುತ್ತದೆ, ಸರಿಪಡಿಸಲು ಸಮಯವನ್ನೂ ಕೊಡುವುದಿಲ್ಲ.

ಮೊದಲ ದಿನ ಒಳ ಅಂಚು ಮಾತ್ರ ಅಂಟಿಸಿ 24 ಗಂಟೆ ಬಿಡಿ, ಮಳೆಗಾಲದಲ್ಲಿ ಇನ್ನೂ ಅರ್ಧ ದಿನ. ಕೆಲಸ ಕೆಡುವುದು ಎರಡನೆಯ ದಿನ, ಹೊರ ಅಂಚಿನಲ್ಲಿ. ಕಾಯಿಲ್ ನಿಂತಿರುವ ಸಂದು ಎಷ್ಟು ಕಿರಿದೆಂದರೆ ಕೋನ್ ಕೂದಲೆಳೆಯಷ್ಟು ವಾಲಿದರೂ ಕಾಯಿಲ್ ಕಬ್ಬಿಣಕ್ಕೆ ಉಜ್ಜುತ್ತದೆ. ಅಂಟು ಹಸಿಯಿರುವಾಗಲೇ ಫೋನಿನಿಂದ ಆಂಪ್ಲಿಫೈಯರಿಗೆ 30 ಹರ್ಟ್ಸ್ ಟೋನ್ ಕೊಡಿ, ಕೋನ್ ಎರಡು-ಮೂರು ಮಿಲಿಮೀಟರ್ ಆಡುವಷ್ಟು ಸದ್ದು ಸಾಕು. ಕಿವಿ ಹತ್ತಿರ ತನ್ನಿ. ಬರೀ ‘ಗುಂ’ ಇದ್ದರೆ ಸರಿ. ‘ಕರಕರ’ ಸೇರಿದ್ದರೆ ರಿಂಗನ್ನು ಬೆರಳಲ್ಲಿ ಒಂದೊಂದೇ ಬದಿಗೆ ಸರಿಸುತ್ತಾ ಹೋಗಿ, ಆ ಸದ್ದು ನಿಂತ ಜಾಗದಲ್ಲಿ ಒತ್ತಿಹಿಡಿಯಿರಿ. ಹೀಗೆ ಮಾಡಿದರೆ ಕೋನಿನ ನಡುವಿನ ಮುಚ್ಚಳ (ಡಸ್ಟ್ ಕ್ಯಾಪ್) ಕತ್ತರಿಸುವ ಗೋಜಿಲ್ಲ. ಹೇಗೂ ಕತ್ತರಿಸಲೇಬೇಕಾಗಿ ಬಂದರೆ ಗೇಟು-ಗ್ರಿಲ್ ಮಾಡುವ ಶೆಡ್ಡಿನ ಅಕ್ಕಪಕ್ಕ ಕೂರಬೇಡಿ: ಮ್ಯಾಗ್ನೆಟ್ಟು ಕಬ್ಬಿಣದ ಪುಡಿಯನ್ನು ಸೆಳೆದುಕೊಂಡರೆ ತೆಗೆಯುವುದು ಮಹಾ ಕಷ್ಟ. ಸ್ಕ್ರೂಡ್ರೈವರನ್ನೂ ಅದು ಹಾಗೆಯೇ ಎಳೆಯುತ್ತದೆ, ಕೋನಿಗೆ ತೂತು ಬೀಳುವುದು ಹೀಗೇ.

ಕ್ರಾಸ್‌ಓವರಿನಲ್ಲಿ ‘ಎನ್‌ಪಿ’ ಅಥವಾ ‘ಬಿಪಿ’ (ಪ್ಲಸ್-ಮೈನಸ್ ಇಲ್ಲದ್ದು) ಎಂದು ಬರೆದ ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ಗಳಿದ್ದರೆ ಬಹುಶಃ ಒಣಗಿರುತ್ತವೆ. ಹೈ, ಅಂದರೆ ಎತ್ತರದ ಸ್ವರಗಳು, ಮಂಕಾಗುವುದಕ್ಕೆ ಹಲವು ಸಲ ಇವೇ ಕಾರಣ, ಅವನ್ನು ನುಡಿಸುವ ಚಿಕ್ಕ ಸ್ಪೀಕರ್ ಟ್ವೀಟರಿಗೆ ಸುಮ್ಮನೆ ಬೈಗುಳ. ಅದೇ ಮೈಕ್ರೋಫ್ಯಾರಡ್, 100 ವೋಲ್ಟ್ ಅಥವಾ ಹೆಚ್ಚಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪ್ಯಾಸಿಟರ್ ಹಾಕಿ. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಂದು ಬಸ್ಸು. ರೇಡಿಯೊ ಅಂಗಡಿಯ ಮಾಮೂಲಿ ಪ್ಲಸ್-ಮೈನಸ್ ಇರುವ ಕೆಪ್ಯಾಸಿಟರನ್ನು ಒಂಟಿಯಾಗಿ ಹಾಕಿದರೆ ಕೆಡುತ್ತದೆ. ತುರ್ತಿದ್ದರೆ ಎರಡನ್ನು ಮೈನಸ್ಸಿಗೆ ಮೈನಸ್ ಸೇರಿಸಿ: ಎರಡು 10 ಮೈಕ್ರೋಫ್ಯಾರಡ್ ಹೀಗೆ ಸೇರಿದರೆ 5 ಆಗುತ್ತದೆ. ಅಲ್ಲಿರುವ ತಂತಿಸುರುಳಿಗಳ ಜಾಗ, ದಿಕ್ಕು ಬದಲಿಸಬೇಡಿ.

ಬಾಕ್ಸಿನ ಚಿಪ್‌ಬೋರ್ಡ್ ತೇವಕ್ಕೆ ಉಬ್ಬಿದ್ದರೆ ಸಿರಿಂಜಿನಿಂದ ಬಿಳಿ ಅಂಟು ತುಂಬಿ, ಪ್ಲಾಸ್ಟಿಕ್ ಹಾಳೆ ಇಟ್ಟು ಕ್ಲ್ಯಾಂಪ್ ಬಿಗಿಯಿರಿ. ಗೆದ್ದಲು ಹಿಡಿದಿದ್ದರೆ ಆ ಹಲಗೆಯನ್ನೇ ಬದಲಿಸಿ. ಒಳಗಿನ ಹತ್ತಿ ಎಷ್ಟಿತ್ತೋ ಅಷ್ಟೇ ವಾಪಸ್ಸು. ಗ್ಲಾಸ್‌ವೂಲ್ ಆದರೆ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಪೂರ್ತಿ ಮುಚ್ಚಿದ ಬಾಕ್ಸಿನಲ್ಲಿ ವೂಫರನ್ನು ಮೆಲ್ಲಗೆ ಒತ್ತಿ ಬಿಟ್ಟಾಗ ನಿಧಾನವಾಗಿ ಮರಳಬೇಕು. ಥಟ್ಟನೆ ಮರಳಿದರೆ ಎಲ್ಲೋ, ಬಹುಶಃ ವೂಫರಿನ ಸುತ್ತಲ ಗ್ಯಾಸ್ಕೆಟ್ಟಿನಲ್ಲಿ, ಗಾಳಿ ಸೋರುತ್ತಿದೆ.

ಕೊನೆಗೆ 1.5 ವೋಲ್ಟ್ ಸೆಲ್ಲನ್ನು ಸ್ಪೀಕರಿನ ಟರ್ಮಿನಲ್ಲುಗಳಿಗೆ ಕ್ಷಣ ಮಾತ್ರ ತಾಕಿಸಿ. ಪ್ಲಸ್ಸಿಗೆ ಪ್ಲಸ್ ಸೇರಿದಾಗ ಕೋನ್ ಹೊರಕ್ಕೆ ಬರಬೇಕು. ಜೆಬಿಎಲ್ ಕಂಪನಿಯ ಹಳೆಯ ವೂಫರುಗಳಲ್ಲಿ ಸಾಮಾನ್ಯವಾಗಿ ಕೆಂಪಿಗೆ ಪ್ಲಸ್ ಕೊಟ್ಟರೆ ಒಳಕ್ಕೆ ಹೋಗುತ್ತದೆ, ಅದು ದೋಷವಲ್ಲ. ಮುಖ್ಯವಾದ್ದು ಎರಡೂ ಒಂದೇ ದಿಕ್ಕಿಗೆ ಆಡುವುದು. ಒಂದು ಉಲ್ಟಾ ಇದ್ದರೆ ಬಾಸ್ ಕರಗಿಹೋಗಿ, ಹಾಡುವವರ ದನಿ ನಡುವೆ ನಿಲ್ಲದೆ ಗೋಡೆಗೋಡೆಗೆ ಹರಡಿಕೊಳ್ಳುತ್ತದೆ. ಆಗ ಒಂದು ಬಾಕ್ಸಿನ ಹಿಂದಿನ ವೈರ್ ಅದಲುಬದಲು ಮಾಡಿದರೆ ಸಾಕು.