ರೆಡ್‌ವುಡ್ ಕಾಡಿಗೆ ಆರ್‌ವಿಯಲ್ಲಿ ಹೋಗುವುದು ಹೇಗೆ?

ಸ್ಯಾನ್‌ಫ್ರಾನ್ಸಿಸ್ಕೊದಿಂದ 101ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ವಿಲಿಟ್ಸ್ ದಾಟಿದ ಮೇಲೆ ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡು ಶುರುವಾಗುತ್ತದೆ. ಲೆಗೆಟ್, ಗಾರ್ಬರ್‌ವಿಲ್, ಆರಿಕ್ ಮೊದಲಾದ ಪುಟ್ಟ ಊರುಗಳನ್ನು ಹಾದು ಕ್ರೆಸೆಂಟ್ ಸಿಟಿಯವರೆಗಿನ ಈ ದಾರಿ ನಿಧಾನವಾಗಿ ನೋಡಬೇಕಾದದ್ದು. ಊರಿನಿಂದ ತಂದೆತಾಯಿ ಬಂದಾಗ ಇಲ್ಲಿನ ಕನ್ನಡ ಕುಟುಂಬಗಳು ಬಾಡಿಗೆಗೆ ಆರ್‌ವಿ, ಅಂದರೆ ಮನೆಯಂತೆ ವಾಸಿಸಬಹುದಾದ ವಾಹನ, ತೆಗೆದುಕೊಂಡು ಹೋಗುವುದು ಸಾಮಾನ್ಯ. ಹಿರಿಯರಿಗೆ ಮಲಗಲು ಹಾಸಿಗೆ, ಪಕ್ಕದಲ್ಲೇ ಶೌಚಾಲಯ, ಮನೆಯ ಅಡುಗೆ ಮೂರೂ ಸಿಗುವುದರಿಂದ ಅದು ಸರಿಯಾದ ಆಯ್ಕೆಯೇ. ಆದರೆ ಒಳ್ಳೆಯ ಪ್ರವಾಸವೊಂದು ಕೊಳಚೆಯ ಟ್ಯಾಂಕ್ ಖಾಲಿ ಮಾಡುವ ಜಾಗದಲ್ಲಿ ಕೆಟ್ಟುಹೋಗುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಆದ್ದರಿಂದ ಆ ಹಂತವನ್ನೇ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲ ಹಂತ, ವಾಹನದ ಆಯ್ಕೆ. 25 ಅಡಿಗಿಂತ ಉದ್ದದ್ದನ್ನು ತೆಗೆದುಕೊಳ್ಳಬೇಡಿ. 40 ಅಡಿಯವರೆಗಿನ ಮೋಟರ್‌ಹೋಮ್ ಓಡಿಸಲು ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು ಎಂಬುದು ನಿಜ. ಆದರೆ ಕಾಡಿನ ಒಳದಾರಿಗಳಲ್ಲಿಯೂ ಕ್ಯಾಂಪಿನ ತಿರುವುಗಳಲ್ಲಿಯೂ ಉದ್ದದ ಒಂದೊಂದು ಅಡಿಯೂ ಲೆಕ್ಕಕ್ಕೆ ಬರುತ್ತದೆ.

ಎರಡನೆಯದು ಜಾಗ ಕಾದಿರಿಸುವುದು. ರಾಜ್ಯದ ಉದ್ಯಾನಗಳ ಕ್ಯಾಂಪ್‌ಗಳನ್ನು ಆರು ತಿಂಗಳು ಮೊದಲೇ ಬುಕ್ ಮಾಡಬಹುದು, ಬೇಸಿಗೆಗಾದರೆ ಹಾಗೆಯೇ ಮಾಡಿ. ಎಲ್ಕ್ ಪ್ರೇರಿ, ಜೆಡೆಡಾಯ ಸ್ಮಿತ್ ಕ್ಯಾಂಪ್‌ಗಳಲ್ಲಿ ವಾಹನಕ್ಕೆ ವಿದ್ಯುತ್, ನೀರು, ಒಳಚರಂಡಿ ಯಾವುದರ ಸಂಪರ್ಕವೂ ಇರುವುದಿಲ್ಲ. ಎರಡು ರಾತ್ರಿ ಮರಗಳ ಕೆಳಗೆ ಕಳೆದು, ಮೂರನೆಯ ರಾತ್ರಿ ಈ ಸಂಪರ್ಕಗಳೆಲ್ಲ ಇರುವ ಖಾಸಗಿ ಕ್ಯಾಂಪಿಗೆ ಹೋಗುವಂತೆ ಯೋಜಿಸಿಕೊಳ್ಳುವುದು ಉತ್ತಮ.

ಮೂರನೆಯದು ದಾರಿ. ಫೋನಿನ ಮ್ಯಾಪ್‌ಗೆ ನೀವು ಓಡಿಸುತ್ತಿರುವುದು ಕಾರಲ್ಲವೆಂದು ತಿಳಿಯುವುದಿಲ್ಲ. ಲೆಗೆಟ್‌ನಿಂದ ಕಡಲ ಕಡೆಗೆ ಇಳಿಯುವ 1ನೇ ಹೆದ್ದಾರಿ ತಿರುವಿನ ಮೇಲೆ ತಿರುವು. ಹಿರಿಯರಿದ್ದರೆ ಅತ್ತ ಹೋಗಬೇಡಿ. ಫರ್ನ್ ಕ್ಯಾನ್ಯನ್ ಎಂಬ ಕಣಿವೆಗೆ ಹೋಗುವ ಡೇವಿಸನ್ ಮಣ್ಣುರಸ್ತೆಯಲ್ಲಿ 24 ಅಡಿ ಮೀರಿದ ವಾಹನಕ್ಕೆ ಪ್ರವೇಶವಿಲ್ಲ. ಕ್ರೆಸೆಂಟ್ ಸಿಟಿಯ ಬಳಿಯ ಹೌಲ್ಯಾಂಡ್ ಹಿಲ್ ರಸ್ತೆಯೂ ಆರ್‌ವಿಗೆ ತಕ್ಕದ್ದಲ್ಲ. ಲೆಗೆಟ್‌ನಲ್ಲಿ ಕಾರುಗಳು ಒಳಗಿನಿಂದ ಹಾದುಹೋಗುವ ಮರವಿದೆ, ಅದನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ಈ ರಸ್ತೆಗಳ ಬದಲು 101ನೇ ಹೆದ್ದಾರಿಗೆ ಸಮಾನಾಂತರವಾಗಿ 31 ಮೈಲಿ ಸಾಗುವ ‘ಅವೆನ್ಯೂ ಆಫ್ ದ ಜೈಂಟ್ಸ್’ ಹಿಡಿಯಿರಿ. ಅಲ್ಲಿನ ಫೌಂಡರ್ಸ್ ಗ್ರೋವ್‌ನಲ್ಲಿ 1991ರಲ್ಲಿ ಉರುಳಿದ ಡೈಯರ್‌ವಿಲ್ ಜೈಂಟ್ ಎಂಬ ಮರ ಇಂದಿಗೂ ಬಿದ್ದಲ್ಲೇ ಮಲಗಿದೆ. ಅದರ ಬುಡದಿಂದ ತುದಿಯವರೆಗೆ ನಡೆದರೇನೇ ಈ ಮರಗಳ ಎತ್ತರ ಅರ್ಥವಾಗುವುದು. ಎರಡು ಪಥದ ರಸ್ತೆಯಲ್ಲಿ ನಿಮ್ಮ ಹಿಂದೆ ಐದು ವಾಹನಗಳು ಸೇರಿದರೆ ಸುರಕ್ಷಿತವಾದ ಜಾಗ ನೋಡಿ ಬದಿಗೆ ಸರಿದು ದಾರಿ ಕೊಡಬೇಕೆಂಬುದು ಇಲ್ಲಿನ ಕಾನೂನು.

ಅಡುಗೆಯ ಸಾಮಾನನ್ನು ವಿಲಿಟ್ಸ್‌ಗೂ ಮೊದಲು ಸಿಗುವ ಯೂಕಾಯಾ ಊರಿನಲ್ಲಿಯೇ ಕೊಂಡುಬಿಡಿ.

ಇನ್ನು ಮುಖ್ಯವಾದ ಹಂತ. ಆರ್‌ವಿಯಲ್ಲಿ ಕೊಳಚೆಗೆ ಎರಡು ಟ್ಯಾಂಕ್‌ಗಳಿರುತ್ತವೆ: ಶೌಚಾಲಯದ್ದು ಬ್ಲ್ಯಾಕ್ ಟ್ಯಾಂಕ್, ಸಿಂಕ್ ಮತ್ತು ಸ್ನಾನದ ನೀರಿನದು ಗ್ರೇ ಟ್ಯಾಂಕ್. ಒಳಚರಂಡಿ ಸಂಪರ್ಕವಿರುವ ಕ್ಯಾಂಪಿಗೆ ಬಂದೊಡನೆ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆದು ಹಾಗೆಯೇ ಬಿಡುವುದು ಎಲ್ಲರೂ ಮಾಡುವ ತಪ್ಪು. ಆಗ ನೀರು ಮಾತ್ರ ಹರಿದುಹೋಗಿ, ಗಟ್ಟಿ ಭಾಗ ತಳದಲ್ಲಿ ಗುಡ್ಡೆಯಾಗಿ ಒಣಗಿ ನಿಲ್ಲುತ್ತದೆ. ಮೂರರಲ್ಲಿ ಎರಡು ಪಾಲು ತುಂಬುವವರೆಗೆ ಆ ವಾಲ್ವ್ ಮುಚ್ಚಿಯೇ ಇರಲಿ. ಶೌಚಕ್ಕೆ ನೀರು ಬಳಸುವ ನಮ್ಮ ಅಭ್ಯಾಸ ಇಲ್ಲಿ ಅನುಕೂಲಕ್ಕೇ ಬರುತ್ತದೆ. ‘ಫ್ಲಶ್ ಮಾಡಬಹುದು’ ಎಂದು ಬರೆದಿರುವ ಒದ್ದೆ ಕಾಗದವನ್ನು (ವೆಟ್ ವೈಪ್) ಮಾತ್ರ ಎಂದಿಗೂ ಹಾಕಬೇಡಿ, ಅದು ಕರಗುವುದಿಲ್ಲ. ಫಾರ್ಮಾಲ್ಡಿಹೈಡ್ ಇರುವ ವಾಸನೆನಾಶಕವನ್ನೂ ಕೊಳ್ಳಬೇಡಿ. ಕ್ಯಾಂಪಿನ ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಯಿಸುವ ಬ್ಯಾಕ್ಟೀರಿಯಾವನ್ನು ಅದು ಕೊಲ್ಲುತ್ತದೆ.

ಗ್ರೇ ಟ್ಯಾಂಕಿನ ಶತ್ರು ನಮ್ಮ ಅಡುಗೆಯೇ. ಒಗ್ಗರಣೆಯ ಎಣ್ಣೆ, ಸಾಸಿವೆ, ಕರಿಬೇವು, ಅನ್ನದ ಅಗುಳು ಸೇರಿ ಕಾಡಿನ ಚಳಿಗೆ ಗಟ್ಟಿಯಾಗುತ್ತವೆ. ತಟ್ಟೆಯನ್ನು ಕಾಗದದಿಂದ ಒರೆಸಿ, ಆ ಕಾಗದವನ್ನು ಕಸಕ್ಕೆ ಹಾಕಿದ ಮೇಲೆಯೇ ಸಿಂಕಿನಲ್ಲಿ ತೊಳೆಯಬೇಕು.

ಖಾಲಿ ಮಾಡುವ ದಿನ ಕೈಗವಸು ಹಾಕಿಕೊಂಡು ಮೊದಲು ಎರಡೂ ವಾಲ್ವ್‌ಗಳ ಹಿಡಿಗಳು ಪೂರ್ತಿ ಒಳಗಿವೆಯೇ ಎಂದು ಒತ್ತಿ ನೋಡಿ. ಆಮೇಲೆ ಕೆಳಗೊಂದು ಬಕೆಟ್ ಇಟ್ಟು, ಬದಿಗೆ ನಿಂತು ಕೊಳಚೆ ಹೊರಬರುವ ಪೈಪಿನ ಮುಚ್ಚಳ ತಿರುಗಿಸಿ. ಒಮ್ಮೆ ನನಗೆ ಬಾಡಿಗೆಗೆ ಬಂದ ವಾಹನದಲ್ಲಿ ವಾಲ್ವ್ ಅರ್ಧ ತೆರೆದಿದ್ದು, ಮುಚ್ಚಳ ಸಡಿಲವಾದ ಕೂಡಲೇ ಎಲ್ಲವೂ ಹೊರಕ್ಕೆ ನುಗ್ಗಿ ನನ್ನ ಬೂಟು ತೋಯ್ದಿತು. ಕೊಳಚೆ ಹರಿಸುವ ಹೋಸ್‌ನ ಕೊಕ್ಕೆಗಳು ಆ ಪೈಪಿನ ಗುಬುಟುಗಳ ಮೇಲೆ ಕೂತು ‘ಟಕ್’ ಎನ್ನುವವರೆಗೆ ತಿರುಗಿಸಬೇಕು. ಒಂದೇ ಕೊಕ್ಕೆ ಕೂತರೂ ಸರಿಯಾಗಿ ಕೂತಂತೆಯೇ ಕಾಣುತ್ತದೆ, ಬೆರಳಿನಿಂದ ಮುಟ್ಟಿ ನೋಡಿದರೆ ಮಾತ್ರ ತಿಳಿಯುತ್ತದೆ. ಇನ್ನೊಂದು ತುದಿಯನ್ನು ನೆಲದಲ್ಲಿರುವ ಒಳಚರಂಡಿಯ ರಂಧ್ರದಲ್ಲಿ ತೂರಿಸಿ, ಜಾರದಂತೆ ಮೇಲೊಂದು ಕಲ್ಲು ಹೇರಿ. ಮೊದಲು ಬ್ಲ್ಯಾಕ್, ಅದು ನಿಂತು ವಾಲ್ವ್ ಮುಚ್ಚಿದ ಮೇಲೆ ಗ್ರೇ: ಈ ಕ್ರಮ ತಪ್ಪಬಾರದು, ಏಕೆಂದರೆ ಸೋಪಿನ ನೀರು ಹೋಸ್ ಅನ್ನು ತೊಳೆದುಕೊಂಡು ಹೋಗುತ್ತದೆ. ಹೋಸ್‌ನ ಬಾಯಿಗೆ ಹಾಕುವ ಪಾರದರ್ಶಕ ತಿರುವು ತುಂಡೊಂದು ಸಿಗುತ್ತದೆ, ಅದನ್ನು ತಪ್ಪದೆ ಕೊಳ್ಳಿ. ಹರಿವು ತಿಳಿಯಾಯಿತೇ ಎಂಬುದನ್ನು ಅದರಲ್ಲಿ ಕಣ್ಣಾರೆ ನೋಡಬಹುದು. ಟ್ಯಾಂಕ್ ಎಷ್ಟು ತುಂಬಿದೆ ಎಂದು ತೋರಿಸುವ, ವಾಹನದೊಳಗಿನ ಗೋಡೆಯ ಮೇಲಿನ ಸೂಚಕದೀಪಗಳನ್ನು ನಂಬಬೇಡಿ, ಅವು ಟ್ಯಾಂಕಿನೊಳಗೆ ಕಾಗದ ಅಂಟಿಕೊಂಡರೆ ಖಾಲಿ ಟ್ಯಾಂಕನ್ನೂ ತುಂಬಿದೆ ಎಂದೇ ತೋರಿಸುತ್ತವೆ.

ಅಲ್ಲಿರುವ ತೊಳೆಯುವ ನಲ್ಲಿಯಿಂದ ಕುಡಿಯುವ ನೀರನ್ನು ಎಂದಿಗೂ ತುಂಬಿಸಿಕೊಳ್ಳಬೇಡಿ. ಎಲ್ಲ ಮುಗಿದ ಮೇಲೆ ಶೌಚಾಲಯದ ಮೂಲಕ ಬ್ಲ್ಯಾಕ್ ಟ್ಯಾಂಕಿಗೆ ಒಂದು ಬಕೆಟ್ ನೀರು ಸುರಿದು ಹೊರಡಿ. ಮುಂದಿನ ಊರು ಸೇರುವಷ್ಟರಲ್ಲಿ ತಿರುವುಗಳ ಕುಲುಕಾಟಕ್ಕೆ ಆ ನೀರು ತಳವನ್ನೆಲ್ಲ ತೊಳೆದಿರುತ್ತದೆ.